ಬಾಯಿ ಬಂದ ಹುಡುಗಿಯ ಪಾಡು

ಎಲ್ಲಿ ನಾಲ್ಕು ಜನ ಬಾಯಿ ಬಿಡದೆ ನಿಂತಿರುತ್ತಾರೋ ಅಲ್ಲಿ ನನ್ನನ್ನು ಮುಂದಕ್ಕೆ ತಳ್ಳುತ್ತಾರೆ. ಪೋಸ್ಟಾಫೀಸು, ಆಸ್ಪತ್ರೆ, ಮದುವೆಮನೆ, ಎಲ್ಲಿ ಹೋದರೂ ಒಂದೇ ಮಾತು: "ನೀವು ಹೇಳಿ, ನಿಮಗೆ ಧೈರ್ಯ ಉಂಟು." ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ. ಕೆಲಸವಿಲ್ಲ ಅಂತ ಯಾವ ಗಾದೆಯೂ ಹೇಳಿಲ್ಲ. ಈ ಧೈರ್ಯ ನನಗೆ ಹುಟ್ಟಿನಿಂದ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ, ಮಂಗಳೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ, ಒಬ್ಬರು ಸಿಸ್ಟರ್ ಅದನ್ನು ನನ್ನ ತಲೆಗೆ ಕಟ್ಟಿದರು. ಅಂದು ಶುರುವಾದ ಸುಸ್ತು ಇನ್ನೂ ಇಳಿದಿಲ್ಲ.

೧. ಹನ್ನೊಂದು ದಿನ ಗೈರುಹಾಜರು

ನಮ್ಮ ಮನೆ ಬೋಳಾರದಲ್ಲಿ, ಹೊಳೆಯ ಬದಿಗೆ. ನಮ್ಮ ಅಳಿಯಕಟ್ಟಿನ ಪದ್ಧತಿಯಲ್ಲಿ ಮನೆಯ ಯಜಮಾನಿಕೆ ತಾಯಿಯ ಅಣ್ಣನದು. ಹಾಗಾಗಿ ನಾನು ಓದಬೇಕೋ ಬೇಡವೋ ಎಂಬುದು ಮಾವನ ಕೈಯಲ್ಲಿತ್ತು. ಮಾವ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಅಮ್ಮ ಮೂರು ತಿಂಗಳು ಬೆನ್ನು ಬಿದ್ದ ಮೇಲೆ ನನ್ನನ್ನು ಫಸ್ಟ್ ಫಾರ್ಮಿಗೆ, ಅಂದರೆ ಈಗಿನ ಆರನೇ ಕ್ಲಾಸಿಗೆ, ಸೇರಿಸಿದರು. ಸೇರಿಸುವಾಗಲೇ ಎರಡು ಷರತ್ತು ಹಾಕಿದರು. "ಶಾಲೆಯಿಂದ ಒಂದು ದೂರು ಬಂದರೆ ಬಿಡಿಸ್ತೇನೆ. ಒಳ್ಳೆ ಗಂಡು ಸಿಕ್ಕಿದರೂ ಬಿಡಿಸ್ತೇನೆ." ನನಗಾದರೋ ಕೊನೆಯ ಪರೀಕ್ಷೆಯವರೆಗೆ ಓದಬೇಕೆಂದು ಜೀವ ಹೋಗುವಷ್ಟು ಆಸೆ.

ಆಸೆ ಇತ್ತು, ಸ್ವರ ಇರಲಿಲ್ಲ. ಹಾಜರಿ ಕರೆಯುವಾಗ ನಾನು 'ಪ್ರೆಸೆಂಟ್' ಅನ್ನುತ್ತಿದ್ದದ್ದು ನನಗೇ ಕೇಳಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವಳು ದೊಡ್ಡ ವ್ಯಾಪಾರಿಯೊಬ್ಬರ ಮಗಳು, ಬಾಯಿ ಜೋರು. ಅವಳ ಸ್ವರದ ಅಡಿಯಲ್ಲಿ ನನ್ನದು ಮುಚ್ಚಿಹೋಗುತ್ತಿತ್ತು. ಹನ್ನೆರಡನೆಯ ದಿನ ಮನೆಗೆ ಕಾಗದ ಬಂತು: ನಿಮ್ಮ ಹುಡುಗಿ ಹನ್ನೊಂದು ದಿನಗಳಿಂದ ಶಾಲೆಗೆ ಬಂದಿಲ್ಲ, ಕಾರಣ ತಿಳಿಸಿ.

ಮಾವ ಕಾಗದ ಓದಿ ನನ್ನನ್ನು ನೋಡಿದರು. "ದಿನಾ ಬುತ್ತಿ ಕಟ್ಟಿಕೊಂಡು ಎಲ್ಲಿಗೆ ಹೋಗ್ತಿ ನೀನು?"

ಉತ್ತರ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಅಮ್ಮ ಅಳಲು ಶುರುಮಾಡಿದರು. ಮರುದಿನ ಮಾವ ಕೊಡೆ ಹಿಡಿದು ನನ್ನ ಜೊತೆಗೇ ಶಾಲೆಗೆ ಬಂದರು. ನಾನು ಎಂದಿನಂತೆ ಹೋಗಿ ಮೂರನೆಯ ಬೆಂಚಿನಲ್ಲಿ ಕೂತೆ. ಮಾವ ಬಾಗಿಲಲ್ಲೇ ನಿಂತು, "ಇವಳು ದಿನಾ ಬರ್ತಾಳಾ ಇಲ್ಲವಾ, ಅಷ್ಟು ಹೇಳಿ" ಅಂದರು.

ಸಿಸ್ಟರ್ ನನ್ನನ್ನು ನೋಡಿದರು. "ಇವಳಾ? ಇವಳು ಒಂದು ದಿನವೂ ತಪ್ಪಿಸಿದ್ದಿಲ್ಲ." ಆಮೇಲೆ ಮುಖ ಕೆಂಪಾಗಿ, ಮೆಲ್ಲಗೆ ಹೇಳಿದರು: "ಪಕ್ಕದ ಹುಡುಗಿಯ ಪುಸ್ತಕ ಹೊರಲಿಕ್ಕೆ ಬರುವ ಕೆಲಸದವಳು ಅಂತ ತಿಳಿದಿದ್ದೆ."

೨. ಹಾಜರಿ ಪುಸ್ತಕ

ತಪ್ಪು ತಮ್ಮದೆಂದು ಸಿಸ್ಟರಿಗೆ ಬೇಸರವಾಯಿತು. ಬೇಸರವಾದವರು ಸುಮ್ಮನಿರಬೇಕಿತ್ತು. "ನಾಳೆಯಿಂದ ಹಾಜರಿ ನೀನೇ ಕರೆ. ಎದ್ದು ನಿಂತು, ಜೋರಾಗಿ" ಅಂದರು.

ಮೊದಲ ದಿನ ಮೇಜು ಹಿಡಿದುಕೊಂಡೇ ಕರೆದೆ. ಹಿಂದಿನ ಬೆಂಚಿನವರು ಬೇಕೆಂದೇ, "ಎಂತ? ಕೇಳುವುದಿಲ್ಲ ಮಾರಾಯ್ತಿ" ಅನ್ನುತ್ತಿದ್ದರು. ಎರಡು ದಿನ ಸಹಿಸಿದೆ. ಮೂರನೆಯ ದಿನ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಸ್ವರವೂ ಬಂತು. ಅಂಗಳದಾಚೆಯ ಸೆಕೆಂಡ್ ಫಾರ್ಮಿನಲ್ಲಿ ನಾನು ಕರೆದ ಹೆಸರೇ ಇದ್ದವಳೊಬ್ಬಳು ಎದ್ದು ನಿಂತು 'ಪ್ರೆಸೆಂಟ್' ಅಂದಳಂತೆ. ಆ ದಿನ ನನಗಾದ ಸಂತೋಷ ಹೇಳತೀರದು. ಮನೆಗೆ ಹೋಗುವ ದಾರಿಯಲ್ಲಿ ಕಾಗೆಗಳನ್ನೂ ಹೆಸರಿಟ್ಟು ಕರೆದೆ.

ತಿಂಗಳ ಕೊನೆಗೆ ಸಿಸ್ಟರ್ ಪುಸ್ತಕ ತೆಗೆದು ನೋಡಿದರು. ಕ್ಲಾಸಿನ ಎಲ್ಲರ ಲೆಕ್ಕವೂ ಸರಿಯಿತ್ತು. ಒಬ್ಬಳು ಮಾತ್ರ ತಿಂಗಳಿಡೀ ಗೈರುಹಾಜರು. ಎಲ್ಲರ ಹೆಸರನ್ನೂ ಕರೆಯುವ ಗಡಿಬಿಡಿಯಲ್ಲಿ ನಾನು ನನ್ನ ಹೆಸರನ್ನು ಕರೆದಿರಲೇ ಇಲ್ಲ. ಇನ್ನೊಂದು ಕಾಗದ ಮನೆಗೆ ಹೋದರೆ ಶಾಲೆ ಮುಗಿದ ಹಾಗೆಯೇ ಎಂದು ಹೆದರಿದೆ.

"ಬಾರದವರ ಮನೆಗೆ ಕಾಗದ ಬರೆಯುವ ಕೆಲಸವನ್ನೂ ಇನ್ನು ನಿನಗೇ ಕೊಟ್ಟಿದ್ದೇನೆ" ಅಂದರು ಸಿಸ್ಟರ್. "ಈ ಹುಡುಗಿಯ ಮನೆಗೆ ಬರೆಯಬೇಕಾ ಬೇಡವಾ, ನೀನೇ ಯೋಚನೆ ಮಾಡು."

೩. ಇನ್‌ಸ್ಪೆಕ್ಟ್ರೆಸ್ ಬಂದದ್ದು

ಥರ್ಡ್ ಫಾರ್ಮಿಗೆ ಬರುವಷ್ಟರಲ್ಲಿ ಹಾಜರಿ, ಕಾಗದ, ಗಂಟೆ, ಚಿಕ್ಕ ಮಕ್ಕಳನ್ನು ಎತ್ತಿನ ಗಾಡಿ ಹತ್ತಿಸುವುದು, ಎಲ್ಲ ನನ್ನ ಪಾಲಿಗೆ ಬಂದಿತ್ತು. ಆ ವರ್ಷ ಶಾಲೆಯ ತನಿಖೆಗೆ ಇನ್‌ಸ್ಪೆಕ್ಟ್ರೆಸ್ ಬರುತ್ತಾರೆಂದಾಗ ಸಿಸ್ಟರ್ ನನ್ನನ್ನು ಕರೆದು, "ಯಾರಿಗಾದರೂ ಬಾಯಿ ಕಟ್ಟಿದರೆ ತಡ ಮಾಡಬೇಡ, ನೀನು ಎದ್ದು ಹೇಳಿಬಿಡು" ಅಂದರು.

ಬಂದವರು ದೊಡ್ಡ ಹ್ಯಾಟು ಹಾಕಿದ ದೊರೆಸಾನಿ. ಹ್ಯಾಟು ನೋಡಿಯೇ ಇಡೀ ಕ್ಲಾಸಿಗೆ ಬಾಯಿ ಕಟ್ಟಿತು. ಹಿಂದಿನ ಬೆಂಚಿನವಳಿಗೆ ಒಂದು ಹೊಳೆಯ ಹೆಸರು ಕೇಳಿದರು, ಅವಳು ನನ್ನನ್ನು ನೋಡಿದಳು, ನಾನು ಎದ್ದು ಹೇಳಿದೆ. ಇನ್ನೊಬ್ಬಳಿಗೆ ಲೆಕ್ಕ ಕೇಳಿದರು, ನಾನು ಹೇಳಿದೆ. ಮೂರನೆಯವಳ ಗಲ್ಲ ಹಿಡಿದು ಹೆಸರೇನು ಎಂದು ಕೇಳಿದರು. ಅವಳು ಕಣ್ಣು ಕಣ್ಣು ಬಿಟ್ಟಳು. ಅದನ್ನೂ ನಾನೇ ಹೇಳಿದೆ, ಅಪ್ಪನ ಹೆಸರು ಸಮೇತ.

ದೊರೆಸಾನಿ ಕೊನೆಗೆ ಸಿಸ್ಟರ್ ಕಡೆ ತಿರುಗಿ, "ನೀವು ಈ ಶಾಲೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ?" ಎಂದರು. ಸಿಸ್ಟರ್ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಾನು, "ಒಂಬತ್ತು ವರ್ಷ ಮೇಡಂ" ಎಂದು ಹೇಳಿ ಕೂತಿದ್ದೆ.

ವರದಿ ಬಂತು. ಮಕ್ಕಳು ಚುರುಕು, ಅಧ್ಯಾಪಿಕೆಗೆ ಮಾತ್ರ ಸಂಕೋಚ ಸ್ವಲ್ಪ ಜಾಸ್ತಿ ಎಂದು ಬರೆದಿದ್ದರು.

೪. ಬೊಂಬಾಯಿಯ ಮಗ

ಶಾಲೆಯ ಸುದ್ದಿ ಓಣಿಗೂ ಬಂತು. ಉಳ್ಳಾಲದಿಂದ ದೋಣಿಯಲ್ಲಿ ಹೊಳೆ ದಾಟಿ ನಮ್ಮ ಕಡೆಗೆ ಮೀನು ತರುತ್ತಿದ್ದ ಒಬ್ಬಾಕೆಯ ಮಗ ಬೊಂಬಾಯಿಯ ಹೋಟೆಲಿನಲ್ಲಿದ್ದ. ಅವನ ಕಾಗದಗಳನ್ನು ಓದಿ ಹೇಳುವುದೂ ನನ್ನ ಪಾಲಿಗೆ ಬಂತು. ಆಕೆ ಬುಟ್ಟಿ ಇಳಿಸಿ ಜಗಲಿಯಲ್ಲಿ ಕೂತು, "ಶಾಲೆಯ ಹಾಗೆ ಓದಬೇಡ ಮಗಾ, ನನ್ನ ಮಗ ಹೇಳಿದ ಹಾಗೆ ಓದು" ಅನ್ನುತ್ತಿದ್ದಳು.

ನಾನೂ ಎದ್ದು ನಿಂತು, ಸ್ವರ ದಪ್ಪ ಮಾಡಿ, "ಅಮ್ಮಾ, ಈ ವರ್ಷವೂ ಊರಿಗೆ ಬರಲಿಕ್ಕಾಗುವುದಿಲ್ಲ" ಎಂದು ಓದಿದೆ. ತಲೆಯ ಮೇಲೆ ಒಂದು ಬಿತ್ತು. "ಹೋದ ವರ್ಷವೂ ಇದನ್ನೇ ಹೇಳಿದ್ದಿ."

"ಅದು ನಾನಲ್ಲ ಅಕ್ಕ" ಅಂದೆ. ಆಕೆಗೆ ಅಳು ಬಂದುಬಿಟ್ಟಿತು. ಆಮೇಲೆ ಬುಟ್ಟಿಯಿಂದ ನಾಲ್ಕು ದಪ್ಪ ಬಂಗುಡೆ ತೆಗೆದು, "ಸರಿಯಾಗಿ ತಿನ್ನು, ಸಪೂರ ಆಗಿದ್ದಿ" ಎಂದು ಕೊಟ್ಟು ಹೋದಳು. ಆ ವರ್ಷ ಅವನು ಆರು ಕಾಗದ ಬರೆದ. ಆರಕ್ಕೂ ಪೆಟ್ಟು ತಿಂದವಳು ನಾನು. ಮೀನು ಮಾತ್ರ ಮನೆಯವರೆಲ್ಲ ತಿಂದರು.

೫. ಮಣ್ಣಗುಡ್ಡದ ಗಂಡು

ಸಿಕ್ಸ್ತ್ ಫಾರ್ಮಿನ ಕೊನೆಯ ಪರೀಕ್ಷೆಗೆ ಇನ್ನು ಎರಡೇ ತಿಂಗಳು. ಒಂದು ಸಂಜೆ ಮಾವ ಬಂದು, "ಮಣ್ಣಗುಡ್ಡದ ಸಂಬಂಧ. ಗಂಡು ಮದ್ರಾಸಿನಲ್ಲಿ ಓದ್ತಾನೆ. ಆದಿತ್ಯವಾರ ಬರ್ತಾರೆ. ಒಪ್ಪಿಗೆಯಾದರೆ ಬರುವ ತಿಂಗಳೇ ಮದುವೆ" ಅಂದರು. ಆರು ವರ್ಷ ಎಲ್ಲರ ಪರವಾಗಿ ಮಾತಾಡಿದವಳು ನಾನು. ನನ್ನ ಪರವಾಗಿ ಮಾವನ ಎದುರು ಒಂದು ಮಾತೂ ಹೊರಡಲಿಲ್ಲ. ಬಚ್ಚಲುಮನೆಗೆ ಹೋಗಿ ಅತ್ತುಬಿಟ್ಟೆ.

ಆದಿತ್ಯವಾರ ಗಂಡು ಮತ್ತು ಅವನ ತಾಯಿ ಬಂದು ಚಾವಡಿಯಲ್ಲಿ ಕೂತರು. ನಾನು ಗೋಳಿಬಜೆಯ ತಟ್ಟೆ ಹಿಡಿದು ಬಂದೆ. ಮಾವ ಹುಡುಗನಿಗೆ, "ಎಂತ ಓದುವುದು?" ಎಂದು ಕೇಳಿದರು.

"ಬಿ.ಎ." ಅಂದರು ತಾಯಿ.

"ಮದ್ರಾಸಿನ ನೀರು ಹಿಡಿಸ್ತದಾ?"

"ಹಿಡಿಸ್ತದೆ" ಅಂದರು ತಾಯಿ.

"ಮದುವೆ ಬರುವ ತಿಂಗಳು ಆಗಬಹುದಲ್ಲ?"

ಹುಡುಗ ಬಾಯಿ ತೆರೆದ, ಮುಚ್ಚಿದ, ಪುನಃ ತೆರೆದ. ತಾಯಿ ಉತ್ತರ ಕೊಡಲು ಮುಂದೆ ಬಾಗಿದರು. ನನಗೆ ನಾನು ಯಾಕೆ ಅಲ್ಲಿ ನಿಂತಿದ್ದೇನೆಂದು ಪೂರ್ತಿ ಮರೆತುಹೋಯಿತು. ಅಭ್ಯಾಸ ನೋಡಿ, ಬಾಯಿ ತಾನಾಗಿ ಅಂದುಬಿಟ್ಟಿತು: "ಎದ್ದು ನಿಂತು ಹೇಳು. ಜೋರಾಗಿ."

ಹುಡುಗ ಎದ್ದು ನಿಂತ. ಕೈ ಕಟ್ಟಿದ. "ನನಗೆ ಈಗ ಮದುವೆ ಬೇಡ. ಪರೀಕ್ಷೆ ಆಗದೆ ಬೇಡವೇ ಬೇಡ" ಎಂದು ಹೊಳೆಯಾಚೆಗೆ ಕೇಳುವ ಹಾಗೆ ಹೇಳಿದ.

"ಕೂತುಕೋ" ಅಂದೆ. ಕೂತ.

ನಾನು ಹೇಗೂ ನಿಂತೇ ಇದ್ದೆ. ಈಗ ಹೇಳದಿದ್ದರೆ ಇನ್ನು ಇಲ್ಲ ಅನ್ನಿಸಿತು. "ನನಗೂ ಪರೀಕ್ಷೆ ಉಂಟು ಮಾವ. ಅದು ಆಗದೆ ನನಗೂ ಬೇಡ" ಅಂದೆ. ಸ್ವರ ನಡುಗಲಿಲ್ಲ.

ಹುಡುಗನ ತಾಯಿ ಸೆರಗು ಕೊಡವಿ ಎದ್ದರು. "ಈ ಹುಡುಗಿ ನಮ್ಮ ಮನೆಗೆ ಆಗುವುದಿಲ್ಲ" ಎಂದು ಮಗನನ್ನು ಕರೆದುಕೊಂಡು ಮೆಟ್ಟಿಲಿಳಿದರು. ಮಾವನ ಮುಖ ಕಪ್ಪಿಟ್ಟಿತ್ತು. ಅಮ್ಮ ಬಾಗಿಲ ಹಿಂದೆ ದೇವರನ್ನು ಕರೆಯುತ್ತಿದ್ದರು. ಅಂಗಳದ ಅರ್ಧಕ್ಕೆ ಹೋದ ಆಕೆ ಏನೋ ಯೋಚಿಸಿ ತಿರುಗಿ ಬಂದರು.

"ಮನೆಯಲ್ಲಿ ಇನ್ನಿಬ್ಬರು ಮಕ್ಕಳಿದ್ದಾರೆ" ಅಂದರು ಮಾವನಿಗೆ. "ಅವರೂ ಇವನ ಹಾಗೆಯೇ, ಎಂತ ಕೇಳಿದರೂ ಬಾಯಿ ಬಿಡುವುದಿಲ್ಲ. ಇವಳನ್ನು ಶನಿವಾರ ಶನಿವಾರ ಒಂದು ಗಂಟೆ ಕಳಿಸ್ತೀರಾ?"

ಮಾವ ನನ್ನನ್ನು ನೋಡಿದರು, ಆಕೆಯನ್ನು ನೋಡಿದರು. ಆಮೇಲೆ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು, "ಈಗ ಆಗುವುದಿಲ್ಲ" ಅಂದರು. "ಪರೀಕ್ಷೆ ಮುಗಿಯುವವರೆಗೆ ನಮ್ಮ ಹುಡುಗಿಗೆ ಪುರುಸೊತ್ತಿಲ್ಲ."