ಕ ಅಕ್ಷರದ ಗೆಣಸು

ಎಲ್ಲ ರಗಳೆಗೂ ಮೂಲ ಒಂದು ಗೆಣಸು. ಅದೂ ಬೇಯಿಸಿ ತಿನ್ನುವ ಗೆಣಸಲ್ಲ, ಅಕ್ಷರಮಾಲೆಯ ಪುಸ್ತಕದಲ್ಲಿ 'ಕ' ಅಕ್ಷರದ ಪಕ್ಕ ಬರೆದಿದ್ದ ಚಿತ್ರದ ಗೆಣಸು.

ಬೂಗನ್‌ವಿಲ್ ದ್ವೀಪದ ಬೆಟ್ಟದ ಮೇಲಿನ ತಕೋಪಿ ಊರಿನ ಭಾಷೆಯಲ್ಲಿ ಅಕ್ಷರಗಳಿಗೆ ಬಡತನ. ಮ ಇಲ್ಲ, ನ ಇಲ್ಲ, ಮೂಗಿನಿಂದ ಬರುವ ಅಕ್ಷರವೇ ಇಲ್ಲ. ಹಿಡಿಯಷ್ಟು ಧ್ವನಿಗಳನ್ನೇ ತಿರುಗಾಮುರುಗಾ ಮಾಡಿ ಪ್ರೀತಿ, ಜಗಳ, ಪ್ರಾರ್ಥನೆ ಎಲ್ಲವನ್ನೂ ನಡೆಸುತ್ತಾರೆ. ಹೀಗಾಗಿ ಮನುಷ್ಯರ ಹೆಸರೂ ತರಕಾರಿಯ ಹೆಸರೂ ಒಂದೇ ಆಗುವುದು ಅಲ್ಲಿ ಮಾಮೂಲು. ಗೆಣಸಿಗೆ 'ಕಾತೋ' ಎನ್ನುತ್ತಾರೆ. ಶಾಲೆಯ ಮೇಷ್ಟ್ರು ಇರಾವೋನ ಅತ್ತೆಯ ಹೆಸರೂ ಕಾತೋ. ಅತ್ತೆಯ ಹೆಸರನ್ನು ಅಳಿಯ ಬಾಯಿಗೆ ತರುವಂತಿಲ್ಲ. ಮದುವೆಯಾದಂದಿನಿಂದ ಅವನು 'ಮಣ್ಣಿನೊಳಗಿನದು' ಎಂದೇ ಕೇಳಿ ಬಡಿಸಿಕೊಂಡು ಊಟ ಮಾಡಿಕೊಂಡಿದ್ದ. ಪುಸ್ತಕ ಸಮಿತಿ ಚಿತ್ರಗಳನ್ನು ಆರಿಸಿದ ದಿನ ಪಾಪ, ಮಲೇರಿಯಾ ಬಂದು ಕಂಬಳಿ ಹೊದ್ದು ಮಲಗಿದ್ದ.

ಈಗ ಕರಾವಳಿಯಿಂದ ಶಿಕ್ಷಣಾಧಿಕಾರಿ ಟೊಬಿಯಾಸ್ ಬರುವವರಿದ್ದರು. ಊರಿನ ಮುಂದೆ ಇರಾವೋ ಆ ಪುಸ್ತಕವನ್ನು ಗಟ್ಟಿಯಾಗಿ ಓದಿ ತೋರಿಸಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಬೇರೆ ಮೇಷ್ಟ್ರು.

"ಅವ್ವನೂ ಬರ್ತಾಳಂತೆ," ಎಂದಳು ಹೆಂಡತಿ ಪೇತೌ, ಬೆಳಿಗ್ಗೆ ಒಲೆ ಊದುತ್ತ. "ನಿಮ್ಮ ಬಾಯಿ ಜಾರಿದ್ರೆ ಹಂದಿ ದಂಡ ಕಟ್ಟಬೇಕು."

"ಕಟ್ಟೋಣ ಬಿಡು."

"ಅವ್ವ ಮುನಿಸ್ಕೊಂಡ್ರೆ ಹಂದಿಗೇ ಮುಗಿಯುತ್ತಾ? ಈ ಮನೆ ನಿಂತಿರೋದು ಅವಳ ನೆಲದ ಮೇಲೆ. ನಾನೇನೋ ಇಲ್ಲೇ ಇರ್ತೀನಿ. ನೀವೆಲ್ಲಿಗೆ ಹೋಗ್ತೀರಾ, ಯೋಚ್ನೆ ಮಾಡಿ."

ಆ ಬೆಟ್ಟದಲ್ಲಿ ನೆಲವೆಲ್ಲ ಹೆಂಗಸರದು. ಗಂಡಸರು ಅದರ ಮೇಲೆ ನಡೆದಾಡಬಹುದು, ಅಷ್ಟೇ. ಓದಿದರೆ ಮನೆ ಹೋಗುತ್ತದೆ, ಓದದಿದ್ದರೆ ಕೆಲಸ ಹೋಗುತ್ತದೆ. ಇರಾವೋ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

ಪಕ್ಕದ ಮನೆಯ ರೊಗೆತೊ ಬೇಲಿಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕರೆಯದೆಯೇ ಒಳಗೆ ಬಂದು ಕೂತ.

"ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯಪ್ಪ? ಗಿಳಿಗೆ ಕೇಗಾ ಅಂತೀವಿ. ಅದೂ 'ಕ'ನೇ ತಾನೆ? ಗೆಣಸನ್ನ ಗಿಳಿ ಮಾಡಿದ್ರಾಯ್ತು."

ಒಲೆಯಿಂದ ಇದ್ದಿಲು ತೆಗೆದು ಅವನೇ ಗೆಣಸಿಗೆ ಕೊಕ್ಕು ಬರೆದ, ರೆಕ್ಕೆ ಬರೆದ, ಕಣ್ಣೂ ಇಟ್ಟ. ಗೆಣಸು ಗಿಳಿಯಾಗಲಿಲ್ಲ. ನೆಗಡಿ ಹಿಡಿದ ಗೆಣಸಾಯಿತು.

ಟೊಬಿಯಾಸ್ ಬಂದು, ಸ್ವಂತ ಕಟ್ಟಡವಿಲ್ಲದ ಶಾಲೆ ನಡೆಯುತ್ತಿದ್ದ ಚಪ್ಪರದಡಿ ಬೆಂಚಿನ ಮೇಲೆ ಕೂತರು. ಅವರ ಕಡೆಯವರು ಅರ್ಧ ಮಾತನ್ನು ಮೂಗಿನಲ್ಲೇ ಆಡುವವರು. "ನಿಮ್ಮ ಭಾಷೆಲಿ ಮೂಗಿಗೆ ಕೆಲಸವೇ ಇಲ್ಲವಲ್ಲ ಮೇಷ್ಟ್ರೇ, ಶೀತ ಆದ್ರೂ ಯಾರಿಗೂ ಗೊತ್ತಾಗಲ್ಲ," ಎಂದು ನಕ್ಕರು. ಊರಿನವರು ನಗಲಿಲ್ಲ. ಅತ್ತೆ ಮುಂದಿನ ಸಾಲಿನಲ್ಲಿ ಬುಟ್ಟಿ ಇಟ್ಟುಕೊಂಡು, ಅಳಿಯನ ಮುಖ ನೋಡಬಾರದೆಂದು ಕಂಬದ ಕಡೆ ತಿರುಗಿ ಕೂತಿದ್ದಳು.

ಸ್ವರಗಳು ಸರಾಗವಾಗಿ ದಾಟಿದವು. 'ಕ' ಬಂತು.

"ಕೇಗಾ," ಎಂದ ಇರಾವೋ, ಪುಟವನ್ನು ಸರಕ್ಕನೆ ಮಗುಚುತ್ತ.

"ಅಲ್ಲ ಮೇಷ್ಟ್ರೇ, ಅದು ಕಾತೋ," ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದವು. ಮಕ್ಕಳಿಗೇನು, ಅವರಿಗೆ ಅತ್ತೆಯರಿಲ್ಲ.

ಟೊಬಿಯಾಸ್ ತಮ್ಮ ಪ್ರತಿ ತೆರೆದು ನೋಡಿದರು. "ಇಲ್ಲಿ ಗೆಣಸಿದೆ. ನೀವೇ ಹೇಳಿ ಮೇಷ್ಟ್ರೇ, ಇದೇನು?"

ಇರಾವೋ ಕೆಮ್ಮಿದ. ಬೆವರು ಒರೆಸಿಕೊಂಡ. "ಮಣ್ಣಿನೊಳಗಿನದು ಸಾರ್."

"ಮಣ್ಣಿನೊಳಗೆ ಹುಳವೂ ಇರುತ್ತೆ. ಓದೋಕೆ ಬರುತ್ತೋ ಇಲ್ವೋ?"

ಇರಾವೋ ಮುಂದಿನ ಅಕ್ಷರದ ಪುಟ ತೆಗೆದ. ಟೊಬಿಯಾಸ್ ಪುಸ್ತಕ ಮುಚ್ಚಿ ಎದ್ದೇಬಿಟ್ಟರು. ಆಗ ಅತ್ತೆಯೂ ಎದ್ದಳು.

"ಪೇತೌ, ಆ ಸಾಹೇಬ್ರಿಗೆ ಹೇಳೇ," ಎಂದು ಕಂಬಕ್ಕೆ ಹೇಳಿದಳು. "ಅದು ನನ್ನ ಹೆಸರು. ಕೆಲಸ ಹೋದ್ರೂ ನನ್ನ ಅಳಿಯ ಅದನ್ನ ಬಾಯಿಗೆ ತರಲಿಲ್ಲ. ಇಂಥ ಅಳಿಯ ಈ ಬೆಟ್ಟದಲ್ಲಿ ಇನ್ನೊಬ್ಬ ಇದ್ರೆ ತೋರಿಸ್ಲಿ. ಹೊಳೆ ಪಕ್ಕದ ನನ್ನ ನೆಲನ ಶಾಲೆ ಕಟ್ಟೋಕೆ ಕೊಟ್ಟಿದೀನಿ, ತಗೊಳ್ಳಿ ಅನ್ನು."

ಇರಾವೋನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಹೆದರಿಕೊಂಡೇ ಇದ್ದ ಅತ್ತೆಯ ಮೇಲೆ ಅವನಿಗೆ ಮೊದಲ ಸಲ ನಿಜವಾಗಿ ಪ್ರೀತಿ ಉಕ್ಕಿತು. ಶಾಲೆಗೆ ನೆಲ ಸಿಗದೆ ಅಲೆದು ಅಲೆದು ಸುಸ್ತಾಗಿದ್ದ ಟೊಬಿಯಾಸ್ ಕುಣಿಯುವುದೊಂದು ಬಾಕಿ.

"ಮೇಷ್ಟ್ರ ಕೆಲಸ ಇವತ್ತೇ ಕಾಯಂ," ಎಂದರು. ಊರೆಲ್ಲ ಚಪ್ಪಾಳೆ ತಟ್ಟಿತು. "ಇನ್ನೊಂದು ಮಾತು. ನೆಲ ಕೊಟ್ಟ ಈ ತಾಯಿಯ ಹೆಸರನ್ನೇ ಶಾಲೆಗೆ ಇಡ್ತೀವಿ. ಕಾತೋ ಶಾಲೆ."

ಚಪ್ಪಾಳೆ ಇನ್ನೂ ಜೋರಾಯಿತು. ರೊಗೆತೊ ಸಿಳ್ಳೆ ಹಾಕಿದ. ಅತ್ತೆ ನಾಚಿಕೊಂಡು ಕಂಬವನ್ನೇ ಸವರಿದಳು.

"ಬನ್ನಿ ಮೇಷ್ಟ್ರೇ, ಅಧಿಕಾರ ವಹಿಸ್ಕೊಳ್ಳಿ. ದೊಡ್ಡ ಶಾಸ್ತ್ರವೇನಿಲ್ಲ," ಎಂದರು ಟೊಬಿಯಾಸ್, ಅವನ ಬೆನ್ನು ತಟ್ಟುತ್ತ. "ಎಲ್ಲರಿಗೂ ಕೇಳೋ ಹಾಗೆ ನಿಮ್ಮ ಹೆಸರು ಹೇಳಿ, ಆಮೇಲೆ ನಿಮ್ಮ ಶಾಲೆಯ ಹೆಸರು ಹೇಳಿ."

"ನನ್ನ ಹೆಸರು ಇರಾವೋ," ಎಂದ ಇರಾವೋ. ಮುಂದಿನ ಮಾತಿಗೆ ಇಡೀ ಊರು ಕಾದು ಕೂತಿತು. ಮುಂದಿನ ಸಾಲಿನಲ್ಲಿ ಅತ್ತೆಯೂ ಕಾದಳು.