ಗೂಢಚಾರನ ಬೆನ್ನು

ಬೆಳಗಿನ ಪತ್ರಿಕೆಯ ಏಳನೆಯ ಪುಟದಲ್ಲಿ, ಹಾಸಿಗೆಯ ಜಾಹೀರಾತಿನ ಪಕ್ಕದಲ್ಲಿ, ನಾಲ್ಕೇ ಸಾಲಿನ ಸುದ್ದಿ ಬಂದಿತ್ತು. ಹದಿನಾರು ವರ್ಷಗಳಿಂದ ನಡೆದುಬಂದಿರುವ ಗೂಢಚಾರನ ಸಿನಿಮಾ ಸರಣಿಯ ನಾಯಕನಟ ಇನ್ನು ಸಾಕೆಂದು ಕೈಮುಗಿದಿದ್ದಾರೆ, ಏಳನೆಯ ಸಿನಿಮಾದಲ್ಲಿ ಆ ಪಾತ್ರಕ್ಕೆ ಹೊಸಬರು ಬರುತ್ತಾರೆ, ಯಾರೆಂಬುದು ಸದ್ಯಕ್ಕೆ ಗುಟ್ಟು. ಊರಿನವರೆಲ್ಲ ಓದಿ ಪುಟ ತಿರುಗಿಸಿದರು. ಬೆನ್ನಣ್ಣ ಮಾತ್ರ ಓದಿ ಕೂತಲ್ಲೇ ಕೂತ. ಕೈಯಲ್ಲಿದ್ದ ಚಹಾ ಆರಿ ಕೆನೆಗಟ್ಟಿತು.

ಬೆನ್ನಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಆ ಗೂಢಚಾರ ಸೇತುವೆಯಿಂದ ನದಿಗೆ ಹಾರುವಾಗ, ಓಡುವ ರೈಲಿನ ಮೇಲೆ ನಡೆಯುವಾಗ, ಕೋಟಿನ ಕಾಲರು ಎತ್ತಿಕೊಂಡು ಓಣಿಯ ತಿರುವಿನಲ್ಲಿ ಮರೆಯಾಗುವಾಗ ತೆರೆಯ ಮೇಲೆ ಕಾಣುತ್ತಿದ್ದದ್ದು ಇವನ ಬೆನ್ನು. ಮುಖ ನಾಯಕನಟರದು, ಪೆಟ್ಟು ಇವನದು. ಆರು ಸಿನಿಮಾಗಳಲ್ಲಿ ಒಂದು ಸಲವೂ ಇವನ ಮೂಗಿನ ತುದಿ ಯಾರ ಕಣ್ಣಿಗೂ ಬಿದ್ದಿಲ್ಲ. ಒಮ್ಮೆ ಅಪ್ಪಿತಪ್ಪಿ ಅರ್ಧ ಕಿವಿ ಬಂದಿತ್ತು, ಸಂಕಲನಕಾರರು ಅದನ್ನೂ ಬಿಡಲಿಲ್ಲ.

ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಪ್ರತಿ ಸಿನಿಮಾದ ಮೊದಲ ದಿನ ಹೆಂಡತಿಯ ಜೊತೆ ಹೋಗಿ ಕೂರುತ್ತಿದ್ದ. ತೆರೆಯ ಮೇಲೆ ಅವನ ಬೆನ್ನು ಬಂದಾಗಲೆಲ್ಲ ಅವಳು ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಿದ್ದಳು. ಆ ಒಂದು ತಿವಿತಕ್ಕಾಗಿ ಇನ್ನೂ ಹತ್ತು ಸೇತುವೆ ಹಾರಲು ಅವನು ತಯಾರಿದ್ದ. ಈಗ ಹೊಸ ನಾಯಕ ಬಂದರೆ ಅವನ ಅಳತೆಗೆ ಹೊಸ ಬೆನ್ನನ್ನೇ ಹುಡುಕುತ್ತಾರೆ. ನಲವತ್ತನಾಲ್ಕರ ವಯಸ್ಸಿನಲ್ಲಿ, ಬೇರೆ ಯಾವ ಕೆಲಸವೂ ಬಾರದ ಬೆನ್ನನ್ನು ಯಾರು ಕರೆಯುತ್ತಾರೆ?

ಯೋಚನೆ ಇಲ್ಲಿಗೆ ಬರುವಷ್ಟರಲ್ಲಿ ಫೋನು ಬಂತು. ಸ್ಟುಡಿಯೋ ಮ್ಯಾನೇಜರು.

"ಮಧ್ಯಾಹ್ನ ಮೂರು ಗಂಟೆಗೆ ಬಂದ್ಬಿಡು. ಡೈರೆಕ್ಟರ್ ಮೇಡಂ ನಿನ್ನನ್ನ ನೋಡ್ಬೇಕಂತೆ."

"ಹೊಸ ಹೀರೋ ಯಾರು ಸರ್?"

"ಅದನ್ನೆಲ್ಲ ಹೇಳೋ ಹಾಗಿಲ್ಲ. ನೀನು ಬಾ."

ಹೆಂಡತಿ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ಅವಳಿಗೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸ. ದಿನಕ್ಕೆ ನಾನೂರು ಅಂಗಿ ಅವಳ ಕಣ್ಣ ಮುಂದೆ ಹಾದುಹೋಗುತ್ತವೆ, ಒಂದು ಹೊಲಿಗೆ ತಪ್ಪಿದ್ದರೂ ವಾಪಸ್ಸು.

"ನನ್ನನ್ನ ಅಳತೆ ನೋಡಿ ಕಳಿಸೋಕೆ ಕರೆದಿದ್ದಾರೆ ಕಣೇ," ಎಂದ ಬೆನ್ನಣ್ಣ. "ಹೊಸಬ ಹೇಗಿದ್ದಾನೋ ಏನೋ. ಅವನ ಹಾಗೆ ನಾನು ಕಾಣದಿದ್ರೆ ಮುಗೀತು."

"ನೀವು ಹೇಗಿದ್ದೀರೋ ಹಾಗೇ ಹೋಗಿ. ಬೀದಿಯವರ ಮಾತು ಮಾತ್ರ ಕೇಳ್ಬೇಡಿ," ಎಂದು ಹೇಳಿ ಅವಳು ಹೊರಟಳು.

ಬೀದಿಯವರು ಅವಳು ತಿರುವು ದಾಟುವವರೆಗೂ ಕಾದು ಒಳಗೆ ಬಂದರು.

ಮೊದಲು ಬಂದವರು ಮಹಡಿಯ ಮೇಲಿನ ನಿವೃತ್ತ ಪೋಸ್ಟ್ ಮಾಸ್ಟರು. ದಿನಕ್ಕೆ ಮೂರು ಪತ್ರಿಕೆ ಓದುವವರು, ಆದ್ದರಿಂದ ಮೂರು ಪಟ್ಟು ತಿಳಿದವರು.

"ಹೊಸ ಹೀರೋ ಯಾರು ಅಂತ ನನಗೆ ಗೊತ್ತು ಕಣಪ್ಪಾ," ಎಂದರು ಕುರ್ಚಿ ಎಳೆದುಕೊಂಡು. "ಹೆಸರು ಬೇಡ. ಓಟದ ಸ್ಪರ್ಧೆಯಿಂದ ಸಿನಿಮಾಕ್ಕೆ ಬಂದನಲ್ಲ, ಆ ಸಣಕಲ ಹುಡುಗ. ಗಾಳಿ ಬಂದ್ರೆ ಬಾಗ್ತಾನೆ. ನೀನು ಮೂರು ಗಂಟೆಯೊಳಗೆ ಎಷ್ಟು ಇಳೀತೀಯೋ ಅಷ್ಟು ಇಳಿ."

ಹೆಂಡತಿ ಮುಚ್ಚಿಟ್ಟು ಹೋಗಿದ್ದ ತಿಂಡಿಯ ತಟ್ಟೆಯನ್ನು ಅವರು ತಮ್ಮ ಕಡೆಗೆ ಎಳೆದುಕೊಂಡರು. ಅನ್ನಕ್ಕೆ ಅವಮಾನವಾಗಬಾರದೆಂದು ಪೂರ್ತಿ ತಾವೇ ತಿಂದರು. ಆಮೇಲೆ ಬೆನ್ನಣ್ಣನನ್ನು ಮಹಡಿ ಮೆಟ್ಟಿಲು ನಲವತ್ತು ಸಲ ಹತ್ತಿಸಿ ಇಳಿಸಿದರು. ಎಣಿಸುವ ಕಷ್ಟ ಅವರದು.

ಮೂವತ್ತೆಂಟನೆಯ ಸುತ್ತಿನಲ್ಲಿ ಎದುರು ಮನೆಯ ಟೈಲರು ಬಂದು, ಏದುಸಿರು ಬಿಡುತ್ತಿದ್ದವನನ್ನು ನೋಡಿ ಗಾಬರಿಯಾದರು.

"ಯಾರ್ರೀ ಸಣಕಲ ಅಂದೋರು? ಹೊಸ ಹೀರೋ ಕುಸ್ತಿ ಪಟು. ನನ್ನ ಅಂಗಡಿಗೆ ಬರೋ ಒಬ್ಬರು ಕಣ್ಣಾರೆ ನೋಡಿದ್ದಾರೆ. ಭುಜ ಅಂದ್ರೆ ಈ ಬಾಗಿಲಷ್ಟಿದೆ."

ಟೈಲರು ಅಳತೆ ಪಟ್ಟಿ ತೆಗೆದು ಭುಜ ಅಳೆದರು, ತಲೆಯಾಡಿಸಿದರು. ಮುಕ್ಕಾಲು ಗಂಟೆಯಲ್ಲಿ ಅವನ ಒಳ್ಳೆಯ ಅಂಗಿಯ ಎರಡೂ ಭುಜಕ್ಕೆ ತಲೆದಿಂಬಿನ ಹತ್ತಿ ತುಂಬಿ ಹೊಲಿದು ತಂದರು. ಹಾಕಿಕೊಂಡು ಕನ್ನಡಿ ನೋಡಿದರೆ ಹೊಟ್ಟೆ ಬೆನ್ನಿಗಂಟಿದ ಮನುಷ್ಯನೊಬ್ಬ ಎರಡು ದಿಂಬು ಹೊತ್ತು ನಿಂತಿದ್ದ. ಪೋಸ್ಟ್ ಮಾಸ್ಟರಿಗೂ ಟೈಲರಿಗೂ ಅಲ್ಲೇ ಜಗಳ ಹತ್ತಿಕೊಂಡಿತು.

"ಸಣ್ಣಗಾಗಿ ಅಂತ ಒಬ್ಬರು, ದಪ್ಪಗಾಗಿ ಅಂತ ಒಬ್ಬರು. ನಾನು ಏನಾಗ್ಲಿ?" ಎಂದು ಬೆನ್ನಣ್ಣ ತಲೆಯ ಮೇಲೆ ಕೈಹೊತ್ತು ಕೂತ.

ಆ ತಲೆಯನ್ನೇ ದಿಟ್ಟಿಸುತ್ತ ಬಾಗಿಲಲ್ಲಿ ಕ್ಷೌರಿಕ ನಿಂತಿದ್ದ. ಬೀದಿಯ ಕೊನೆಯ ಅಂಗಡಿಯವನು, ಬೆನ್ನಣ್ಣನ ಗೆಳೆಯ. ಹದಿನಾರು ವರ್ಷಗಳಿಂದ ಪ್ರತಿ ಸಿನಿಮಾಕ್ಕೂ ಆ ಕೂದಲನ್ನು ಕತ್ತರಿಸಿ ಕೊಟ್ಟವನು ಅವನೇ. ಅವನ ಷಡ್ಡಕ ಸ್ಟುಡಿಯೋದ ಮೇಕಪ್ ಕೋಣೆಗೆ ಸಾಮಾನು ಒದಗಿಸುತ್ತಿದ್ದ.

"ಎಲ್ಲರೂ ಸ್ವಲ್ಪ ಸುಮ್ನಿರಿ," ಎಂದು ಅವನು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ. "ಆರು ಸಿನಿಮಾಗೂ ಸಾಮಾನು ಪಟ್ಟಿಯಲ್ಲಿ ಮೊದಲನೇದೇ ಬಾಚಣಿಗೆ, ಎರಡು ಡಜನ್. ಈ ಸಲ ಒಂದೂ ಇಲ್ಲವಂತೆ. ಬದಲಿಗೆ ಪೌಡರು ಹೇಳಿದ್ದಾರೆ. ಎಂಥ ಪೌಡರು? ತಲೆಗೆ ಹಚ್ಚೋದು. ದೀಪದ ಬೆಳಕಿಗೆ ತಲೆ ಹೊಳೀಬಾರ್ದು ಅಂತ."

ಮೂವರ ತಲೆಯಲ್ಲೂ ಒಂದೇ ಸಲ ದೀಪ ಹತ್ತಿಕೊಂಡಿತು.

"ಬೋಳು," ಎಂದರು ಪೋಸ್ಟ್ ಮಾಸ್ಟರು.

"ನುಣ್ಣಗೆ ಬೋಳು," ಎಂದ ಕ್ಷೌರಿಕ.

ಬೆನ್ನಣ್ಣನಿಗೂ ಇದು ಸರಿಯೆನ್ನಿಸಿತು. ಆದರೂ ಹೆಂಡತಿಯನ್ನು ಒಂದು ಮಾತು ಕೇಳೋಣವೆಂದು ಫೋನು ಮಾಡಿದ. ಕಾರ್ಖಾನೆಯ ಒಳಗೆ ಫೋನು ಒಯ್ಯುವಂತಿರಲಿಲ್ಲ, ಅದು ಅಲ್ಲಿನ ಗೇಟಿನ ಬಳಿಯ ಅವಳ ಬೀರುವಿನಲ್ಲಿ ಒಂಟಿಯಾಗಿ ಬಡಿದುಕೊಂಡು ಸುಮ್ಮನಾಯಿತು. ಗಂಟೆ ಒಂದೂವರೆಯಾಗಿತ್ತು.

ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಬಟ್ಟೆ ಹೊದಿಸಿದ ಮೇಲೆ ಕ್ಷೌರಿಕನ ಕೈ ಯಾಕೋ ಏಳಲಿಲ್ಲ. "ಈ ಕೂದಲಂದ್ರೆ ನನಗೂ ಅಭಿಮಾನ ಕಣೋ," ಎಂದ. "ಥಿಯೇಟರಲ್ಲಿ ಜನ ಚಪ್ಪಾಳೆ ಹೊಡೆದಾಗ, ಇದರಲ್ಲಿ ನನ್ನ ಕತ್ತರೀದೂ ಪಾಲಿದೆ ಅಂದ್ಕೋತಿದ್ದೆ."

"ತೆಗೆದುಬಿಡಣ್ಣ," ಎಂದ ಬೆನ್ನಣ್ಣ ಕಣ್ಣು ಮುಚ್ಚಿಕೊಂಡು. "ಕೆಲಸ ಹೋದ್ರೆ ಕೂದಲು ಇಟ್ಕೊಂಡು ಏನು ಮಾಡ್ಲಿ?"

ಹತ್ತು ನಿಮಿಷದಲ್ಲಿ ಎಲ್ಲ ನೆಲದ ಮೇಲಿತ್ತು. ಸುಲಿದ ಮೊಟ್ಟೆಯಂಥ ತಲೆಯನ್ನು ಮೂವರೂ ಸುತ್ತ ತಿರುಗಿ ನೋಡಿ ಒಪ್ಪಿದರು.

ಸ್ಟುಡಿಯೋದ ಪಡಸಾಲೆಯ ಬೆಂಚಿನಲ್ಲಿ ಹತ್ತು ಯುವಕರು ಕೂತಿದ್ದರು. ಹೆಚ್ಚುಕಡಿಮೆ ಅವನದೇ ಎತ್ತರ, ಹತ್ತೂ ತಲೆಯ ಮೇಲೆ ಸೊಂಪಾದ ಕೂದಲು. ಬೆನ್ನಣ್ಣನಿಗೆ ಒಳಗೊಳಗೇ ಪಾಪವೆನ್ನಿಸಿತು. ಇವರಿಗೆ ಗುಟ್ಟು ಗೊತ್ತಿಲ್ಲ. ಹಸಿವಿನಲ್ಲೂ ಅವನಿಗೆ ಒಂದು ಸಣ್ಣ ನಗು ಬಂತು.

ಮ್ಯಾನೇಜರು ಬಾಗಿಲು ತೆರೆದು ಅವನನ್ನು ನೋಡಿ, "ಯಾರಪ್ಪಾ ನೀನು?" ಎಂದರು. ತಿರುಗಿ ನಿಂತು ಬೆನ್ನು ತೋರಿಸಿದ ಮೇಲೂ ಗುರುತು ಸಿಗಲಿಲ್ಲ. ಹತ್ತಿಯ ಭುಜ ಕಿತ್ತುಹಾಕಿದ ಮೇಲೆ ಸಿಕ್ಕಿತು. ಅವರು ಗೋಡೆಗೆ ಒರಗಿಕೊಂಡರು.

ಒಳಗೆ ನಿರ್ದೇಶಕಿ ಮೇಜಿನ ಹಿಂದೆ ಕೂತಿದ್ದರು. ಪಕ್ಕದಲ್ಲಿ ಟೇಪು ಹಿಡಿದ ಒಬ್ಬ ಮುದುಕ. ಇಬ್ಬರೂ ಅವನ ತಲೆಯನ್ನು ತುಂಬ ಹೊತ್ತು ನೋಡಿದರು.

"ನಮ್ಮ ಹೊಸ ಹೀರೋ ತಲೇಲಿ ಒಂದೇ ಒಂದು ಕೂದಲಿಲ್ಲ," ಎಂದರು ನಿರ್ದೇಶಕಿ ನಿಧಾನವಾಗಿ.

ಬೆನ್ನಣ್ಣನ ಎದೆ ಹಿಗ್ಗಿತು. "ಗೊತ್ತಾಯ್ತು ಮೇಡಂ. ಅದಕ್ಕೇ ನಾನೂ..."

"ಅದಕ್ಕೇ ನಿನ್ನನ್ನ ಕರೆಸಿದ್ದು. ಮೊದಲು ತಲೆಗೆ ಪೌಡರು ಹಚ್ಚಿ ಹಾಗೇ ತೋರಿಸೋಣ ಅಂತಿದ್ವಿ, ಆಮೇಲೆ ಬೇಡ ಅನ್ನಿಸ್ತು. ಮುಖ ಬದಲಾದ್ರೆ ಜನ ಹೇಗೋ ಒಪ್ಕೋತಾರೆ. ಆ ಬೆನ್ನು ಬದಲಾದ್ರೆ ಒಪ್ಪಲ್ಲ. ಹದಿನಾರು ವರ್ಷದಿಂದ ಗೂಢಚಾರ ಅಂದ್ರೆ ಅವರಿಗೆ ನಿನ್ನ ಬೆನ್ನೇ. ನಿನ್ನ ಕೂದಲು ನೋಡಿ, ಹಾಗೇ ಹೀರೋಗೆ ಒಂದು ವಿಗ್ ಮಾಡ್ಸೋಣ ಅಂತ ಇವರು ಬೆಳಗ್ಗೆಯಿಂದ ಕಾಯ್ತಿದ್ದಾರೆ."

ಮುದುಕ ಟೇಪನ್ನು ಮೆಲ್ಲಗೆ ಸುತ್ತಿ ಜೇಬಿಗೆ ಹಾಕಿಕೊಂಡ.

ಜೀವಮಾನದಲ್ಲಿ ಯಾರೂ ಬೆನ್ನಣ್ಣನಿಗೆ ಇಷ್ಟು ದೊಡ್ಡ ಮಾತು ಹೇಳಿರಲಿಲ್ಲ. ಅದನ್ನು ಕೇಳಿ ಸಂತೋಷಪಡುವ ಭಾಗ್ಯವನ್ನು ಅವನು ಒಂದೂವರೆ ಗಂಟೆ ಹಿಂದೆ ನೆಲಕ್ಕೆ ಉದುರಿಸಿ ಬಂದಿದ್ದ. ಕಣ್ಣು ತುಂಬಿಕೊಂಡಿತು.

"ನಾನೂ ವಿಗ್ ಹಾಕ್ಕೋತೀನಿ ಮೇಡಂ."

"ಸೋಮವಾರ ಮೊದಲ ಶಾಟೇ ಸೇತುವೆಯಿಂದ ಹಾರೋದು. ವಿಗ್ ಮೊದಲು ಮೇಲೆ ಬರುತ್ತೆ, ನೀನು ಆಮೇಲೆ ಬರ್ತೀಯ," ಎಂದರು ಅವರು. ಗದರಿಸಲಿಲ್ಲ, ಅವರ ದನಿಯಲ್ಲೂ ಬೇಸರವಿತ್ತು. "ಹೊರಗೆ ಕೂತಿರೋ ಹುಡುಗರು ಗೂಢಚಾರನ್ನ ಅಟ್ಟಿಸಿಕೊಂಡು ಬರೋ ಗೂಂಡಾಗಳು. ಅವರಲ್ಲೇ ಒಬ್ಬನ ಕೂದಲು ನಿನ್ನ ಥರ ಕತ್ತರಿಸ್ಬೇಕು. ಹೇಗಿತ್ತು ಅಂತಾದ್ರೂ ಇವರಿಗೆ ಸರಿಯಾಗಿ ಹೇಳು. ಸಿನಿಮಾದಲ್ಲೆಲ್ಲ ನೀನು ಒಂದೋ ಓಡ್ತಿರ್ತೀಯ, ಇಲ್ಲಾ ಒದ್ದೆಯಾಗಿರ್ತೀಯ. ಏನೂ ಗೊತ್ತಾಗಲ್ಲ."

"ಸುಳಿ ಎಡಕ್ಕೋ ಬಲಕ್ಕೋ?" ಎಂದು ಮುದುಕ ಕೇಳಿದ. "ಕಾಲರಿಂದ ಎಷ್ಟು ಮೇಲೆ ಮುಗೀತಿತ್ತು?"

ಬೆನ್ನಣ್ಣ ಬೋಳು ತಲೆಯ ಹಿಂಭಾಗವನ್ನು ಕೈಯಿಂದ ತಡಕಿ ನೋಡಿದ. ಆರು ಸಿನಿಮಾ, ಲಕ್ಷಾಂತರ ಜನ ನೋಡಿದ ಆ ಬೆನ್ನನ್ನು ಅವನು ಒಂದು ಸಲವೂ ನೆಟ್ಟಗೆ ನೋಡಿಕೊಂಡಿರಲಿಲ್ಲ. ಕ್ಷೌರಿಕನಿಗೆ ಫೋನು ಹಚ್ಚಿದರೆ, ತಾನು ಮಾಡಿದ ಅನಾಹುತ ಕೇಳಿ ಅವನಿಗೆ ಎಡಬಲವೇ ಮರೆತುಹೋಯಿತು.

"ನಮ್ಮನೆಯವಳಿಗೆ ಗೊತ್ತಿರಬಹುದು," ಎಂದ ಬೆನ್ನಣ್ಣ.

ಕೆಲಸ ಮುಗಿಸಿ ಫೋನಿನಲ್ಲಿ ಅವನ ಸಂದೇಶ ನೋಡಿದ ಅವಳು ನಾಲ್ಕೂವರೆಗೆ ಸ್ಟುಡಿಯೋಕ್ಕೆ ಬಂದಳು. ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಬೈಗುಳಕ್ಕೆ ಅವನು ತಯಾರಾಗಿ ತಲೆ ತಗ್ಗಿಸಿದ. ಅವಳು ಹತ್ತಿರ ಬಂದು ಆ ಬೋಳು ತಲೆಯ ಮೇಲೆ ಅಂಗೈ ಇಟ್ಟಳು.

"ಹೆದರಿಬಿಟ್ರಾ?" ಎಂದಳು.

ಅವನು ಹೌದೆಂದು ತಲೆಯಾಡಿಸಿದ. ಅಂಗೈಯೂ ಜೊತೆಗೆ ಆಡಿತು.

ಆಮೇಲೆ ಅವಳು ಮುದುಕನ ಎದುರು ಕೂತು ಹೇಳತೊಡಗಿದಳು. ಸುಳಿ ಬಲಕ್ಕೆ, ನೆತ್ತಿಯಿಂದ ಎರಡು ಬೆರಳು ಕೆಳಗೆ. ಎಡಗಿವಿಯ ಹಿಂದೆ ಒಂದು ಕುಚ್ಚು ಯಾವತ್ತೂ ಮಾತು ಕೇಳುವುದಿಲ್ಲ. ಕತ್ತಿನ ನಡುವೆ ಕೂದಲು ಮೊನಚಾಗಿ ಇಳಿಯುತ್ತದೆ. ಮೂರನೆಯ ಸಿನಿಮಾದಲ್ಲಿ ಬಿದ್ದ ಹೊಲಿಗೆಯ ಜಾಗದಲ್ಲಿ ಅಕ್ಕಿಕಾಳಿನಷ್ಟು ಖಾಲಿ. ಕೋಣೆಯಲ್ಲಿದ್ದವರು ಉಸಿರು ಬಿಡದೆ ಕೇಳಿದರು. ಬೆನ್ನಣ್ಣನೂ ಕೇಳಿದ. ತನ್ನನ್ನು ಹಿಂದಿನಿಂದ ಒಬ್ಬರು ಇಷ್ಟೊಂದು ನೋಡಿದ್ದಾರೆಂದು ಅವನಿಗೆ ಗೊತ್ತೇ ಇರಲಿಲ್ಲ.

ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೊರಗೆ ಹೋಗಿ ಹತ್ತು ಯುವಕರನ್ನೂ ಎಬ್ಬಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಕಾರ್ಖಾನೆಯಲ್ಲಿ ಅಂಗಿ ನೋಡುವ ಹಾಗೆ ಒಬ್ಬೊಬ್ಬನನ್ನೇ ನೋಡಿದಳು. ಏಳನೆಯವನ ಹಿಂದೆ ನಿಂತಳು.

"ಇವನು ಆಗಬಹುದು. ಎಡಭುಜ ಒಂದು ಚೂರು ಇಳಿಸ್ಬೇಕಪ್ಪಾ. ಕುತ್ತಿಗೆ ಅಷ್ಟು ಸೆಟೆಸ್ಬೇಡ, ಇವರಿಗೆ ಅಷ್ಟೆಲ್ಲ ಜಂಬ ಇಲ್ಲ."

ಯುವಕ ಭುಜ ಇಳಿಸಿದ. ತೆರೆದ ಬಾಗಿಲಿನಿಂದ ನೋಡುತ್ತಿದ್ದ ನಿರ್ದೇಶಕಿ ಕುರ್ಚಿಯಿಂದ ಎದ್ದು ನಿಂತರು.

ಸಂಜೆ ಗಂಡ ಹೆಂಡತಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಮನೆಗೆ ಹೊರಟಾಗ ಅವಳ ಕೈಯಲ್ಲಿ ಒಂದು ಕಾಗದವಿತ್ತು. ಸಿನಿಮಾ ಮುಗಿಯುವವರೆಗೆ ಅವಳು ದಿನವೂ ಚಿತ್ರೀಕರಣಕ್ಕೆ ಬಂದು ಗೂಢಚಾರನ ಬೆನ್ನು ಸರಿಯಿದೆಯೇ ಎಂದು ನೋಡಬೇಕು. ಕಾರ್ಖಾನೆಗಿಂತ ಒಳ್ಳೆಯ ಕೆಲಸ.

"ಸಿಟ್ಟಾ?" ಎಂದಳು.

"ಇನ್ನೊಬ್ಬನನ್ನ ನೀನೇ ಆರಿಸಿಕೊಟ್ಯಲ್ಲ."

"ಯಾರೋ ಏನೋ ಮಾಡಿ ನಿಮ್ಮ ಬೆನ್ನನ್ನ ಕೆಡಿಸಿಬಿಡ್ತಿದ್ರು. ನೀವು ಇಲ್ಲದಿದ್ರೂ ಅದಾದ್ರೂ ಇರ್ಲಿ ಅಂತ ಮಾಡ್ದೆ."

ಅವನಿಗೆ ಹೊಟ್ಟೆ ತುಂಬ ಹಸಿವು, ಹೊಟ್ಟೆಕಿಚ್ಚು, ಅದರ ನಡುವೆ ಎಲ್ಲೋ ಸುಖ.

"ಸೋಮವಾರ ಬೆಳಗ್ಗೆ ಆರಕ್ಕೆ ಮನೆಗೇ ಕಾರು ಕಳಿಸ್ತಾರಂತೆ," ಎಂದಳು ಅವಳು.

"ನನಗೆ ಹದಿನಾರು ವರ್ಷದಲ್ಲಿ ಒಂದು ದಿನವೂ ಕಳಿಸ್ಲಿಲ್ಲ."

"ನಿಮ್ಮನ್ನೂ ಕರ್ಕೊಂಡು ಬಾ ಅಂದಿದ್ದಾರೆ."

ಬೆನ್ನಣ್ಣ ನೆಟ್ಟಗಾದ. "ನನ್ನನ್ನಾ? ಯಾಕೆ?"

"ಆ ಹುಡುಗ ಗೂಢಚಾರನಾದ ಮೇಲೆ ಗೂಂಡಾಗಳಲ್ಲಿ ಒಬ್ಬ ಕಡಿಮೆಯಾದ್ನಲ್ಲ. ಬೋಳು ತಲೆ ಗೂಂಡಾಗೆ ಚೆನ್ನಾಗಿ ಒಪ್ಪುತ್ತಂತೆ. ಅವನ ಹಿಂದೆ ಓಡಿ ಬರ್ಬೇಕು, ಅಷ್ಟೆ."

ಹಿಂದೆ ಓಡಿ ಬರಬೇಕು. ಅಂದರೆ ಕ್ಯಾಮೆರಾಕ್ಕೆ ಎದುರಾಗಿ ಬರಬೇಕು. ಆ ಮಾತು ಅವನ ತಲೆಯೊಳಗೆ ಇಳಿಯಲು ಎರಡು ನಿಲ್ದಾಣ ಹಿಡಿಯಿತು. ಮೂಗು, ಕಣ್ಣು, ಎರಡೂ ಕಿವಿ, ಎಲ್ಲ ತೆರೆಯ ಮೇಲೆ ಬರುತ್ತವೆ. ಅವನು ಬಸ್ಸಿನ ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡ, ಮೀಸೆ ನೀವಿಕೊಂಡ.

"ಹಾಗಾದ್ರೆ ಈ ಸಲ ನನ್ನ ಮುಖ ಕಾಣುತ್ತೆ," ಎಂದ ಮೆಲ್ಲಗೆ.

ಹೆಂಡತಿ ಅವನ ಕೈ ಹಿಡಿದುಕೊಂಡಳು.

"ನಾನೂ ಅದನ್ನೇ ಕೇಳ್ದೆ ರೀ. ಗೂಂಡಾಗಳೆಲ್ಲ ಮುಖವಾಡ ಹಾಕ್ಕೊಂಡಿರ್ತಾರಂತೆ."