ಎಡಗಡೆಯ ಹೆಡ್‌ಲೈಟು

ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಅನಂತರಾಜು ಸೀನಿದ. ಆದದ್ದು ಅಷ್ಟೇ. ಆದರೆ ಸೀನುವಾಗ ಅವನ ಕೈಯಲ್ಲಿ ಚಿಮುಟವಿತ್ತು, ಚಿಮುಟದ ತುದಿಯಲ್ಲಿ ಅರ್ಧ ಅಕ್ಕಿಕಾಳಿನಷ್ಟು ದೊಡ್ಡ ಪ್ಲಾಸ್ಟಿಕ್ ಚೂರಿತ್ತು, ಎದುರಿಗೆ ಕಿಟಕಿ ತೆರೆದಿತ್ತು. ಸೀನು ಮುಗಿಸಿ ಕಣ್ಣು ಬಿಟ್ಟಾಗ ಚಿಮುಟವಿತ್ತು, ಕಿಟಕಿಯೂ ಇತ್ತು. ಚೂರು ಇರಲಿಲ್ಲ.

ಅದು ಒಂದು ಯುದ್ಧ ಟ್ಯಾಂಕಿನ ಎಡಗಡೆಯ ಹೆಡ್‌ಲೈಟಿನ ಗಾಜು. ಟ್ಯಾಂಕು ಮೇಜಿನ ಮೇಲೆ ನಿಂತಿತ್ತು, ಗೇಣುದ್ದ. ನಿಜವಾದ ಸೆಂಚುರಿಯನ್ ಟ್ಯಾಂಕನ್ನು ಮೂವತ್ತೈದು ಪಾಲು ಕುಗ್ಗಿಸಿದರೆ ಎಷ್ಟಾಗುತ್ತದೋ ಅಷ್ಟು. ಪೆಟ್ಟಿಗೆಯಲ್ಲಿ ಬಂದಾಗ ಅದು ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ಮುನ್ನೂರ ಹನ್ನೊಂದು ತುಂಡುಗಳಾಗಿತ್ತು. ಅನಂತರಾಜು ಎಂಟು ತಿಂಗಳು ಕೂತು ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಮುನ್ನೂರ ಹತ್ತನ್ನು ಕೂಡಿಸಿದ್ದ. ಹಾರಿಹೋದದ್ದು ಕೊನೆಯದು.

ಅನಂತರಾಜುವಿಗೆ ಐವತ್ತೊಂದು. ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ. ಕನಕಪುರದಿಂದ ರಾಮನಗರಕ್ಕೆ ವರ್ಗವಾಗಿ ಬಂದು ಮೂರು ವರ್ಷವಾಗಿತ್ತು. ಮದುವೆಯಾಗಿರಲಿಲ್ಲ. ಆಗದಿರುವುದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಹೆಣ್ಣು ನೋಡಲು ಹೋದ ಕಡೆಯೆಲ್ಲ ಇವನು ಬಾಯಿ ಬಿಡುವಷ್ಟರಲ್ಲಿ ಕಾಫಿ ಆರಿ, ಎಲ್ಲರೂ ಎದ್ದುಬಿಡುತ್ತಿದ್ದರು. ವರಲಕ್ಷ್ಮಮ್ಮ ಎಂಬುವವರ ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ. ಆ ಮೂರು ವರ್ಷದಲ್ಲಿ ಅವನ ಹೊಸ್ತಿಲು ದಾಟಿ ಒಳಗೆ ಬಂದವರೆಂದರೆ ಗ್ಯಾಸ್ ಸಿಲಿಂಡರಿನವನು ಮತ್ತು ದಾರಿ ತಪ್ಪಿದ ಒಂದು ಬೆಕ್ಕು. ಬೆಕ್ಕು ಸ್ವಲ್ಪ ಹೊತ್ತು ಕೂತಿತ್ತು.

ಇಂದು ಮಧ್ಯಾಹ್ನ ಮೂರು ಗಂಟೆಗೆ ಮೂರನೆಯವರು ಬರುವುದಿತ್ತು. ಟ್ಯಾಂಕ್ ಕಟ್ಟುವ ಹುಚ್ಚಿನವರದೇ ಒಂದು ವಾಟ್ಸಾಪ್ ಗುಂಪಿದೆ, ನೂರ ನಲವತ್ತು ಜನ. ಆ ಗುಂಪಿನಲ್ಲಿ ಅನಂತರಾಜು ಹಾಕಿದ ಫೋಟೋ ನೋಡಿ, ಮಾಗಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಶಾಹಬಾಜ್ ಎಂಬಾತ, ‘ಸಾರ್, ಇದನ್ನ ಕಣ್ಣಾರೆ ನೋಡ್ಬೇಕು, ಭಾನುವಾರ ಬರಲಾ?’ ಎಂದು ಬರೆದಿದ್ದ. ಅನಂತರಾಜು ಎರಡು ಹೊಸ ಕಪ್ಪು, ಒಂದು ಪ್ಲಾಸ್ಟಿಕ್ ಕುರ್ಚಿ, ಅರ್ಧ ಕಿಲೋ ಖಾರ ಬೂಂದಿ ತಂದಿಟ್ಟಿದ್ದ. ‘ಬನ್ನಿ ಬನ್ನಿ, ಮನೆ ಸುಲಭವಾಗಿ ಸಿಕ್ತಾ?’ ಎಂಬ ಮಾತನ್ನು ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿಕೊಂಡಿದ್ದ. ಬರುವ ಒಬ್ಬನೇ ಒಬ್ಬ ನೋಟಗಾರನಿಗೆ ಒಕ್ಕಣ್ಣಿನ ಟ್ಯಾಂಕು ತೋರಿಸುವುದು ಹೇಗೆ?

ಅವನು ಹೊರಗೆ ಓಡಿದ. ಕಿಟಕಿಯ ಕೆಳಗೆ ಬಿಸಿಲಿಗೆ ಬೆನ್ನು ಕೊಟ್ಟು ಎದುರುಮನೆಯ ಮುದುಕಿ ಕೆಂಚಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ಚೀಲ ಅಕ್ಕಿ.

“ಕೆಂಚಮ್ಮಾರೇ, ಅಕ್ಕಿ ಒಳಕ್ಕೆ ಏನಾರಾ ಬಿತ್ತಾ?”

“ಏನಪ್ಪ ಬೀಳಾದು?”

“ಒಂದು ಸಣ್ಣದು. ಬೆಳ್ಳಗೆ ಹೊಳೀತದೆ. ಕಲ್ಲಿನ ತರ.”

ಟ್ಯಾಂಕಿನ ಹೆಡ್‌ಲೈಟು ಎಂದು ಹೇಳಿಬಿಡಬಹುದಿತ್ತು. ಮಾತು ಗಂಟಲ ತನಕ ಬಂದಿತ್ತು ಕೂಡ. ಐವತ್ತೊಂದು ವರ್ಷದ ಗಂಟಲು ಅದನ್ನು ಹೊರಗೆ ಬಿಡಲಿಲ್ಲ.

ಕೆಂಚಮ್ಮನ ಕೈ ನಿಂತಿತು. ತನ್ನ ಮೂಗುತಿ ಮುಟ್ಟಿಕೊಂಡು, “ಇಷ್ಟಿತ್ತಾ?” ಎಂದಳು.

“ಅದಕ್ಕಿಂತ ಒಸಿ ಸಣ್ಣದು.”

“ಕಟ್ಟು ಸಮೇತ ಹೋಯ್ತೋ, ಬರೀ ಕಲ್ಲೋ?”

“ಕಟ್ಟು ಒಳಗೈತೆ. ಕೂರ್ಸಾಕ್ ಹೋದೆ, ಹಾರೋಯ್ತು.”

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕೆಂಚಮ್ಮ ಮೊರ ಕೆಳಗಿಟ್ಟು, ಬೀದಿಯ ಎರಡೂ ತುದಿಗೆ ಕೇಳಿಸುವಂತೆ ಕೂಗಿದಳು: “ವರಲಕ್ಷ್ಮೀ! ಓಡ್ಬಾರೇ! ಅನಂತರಾಜಪ್ಪನ ವಜ್ರುದ್ ಮೂಗ್ಬಟ್ಟು ಕಳ್ದೋಗೈತೆ!”

ಮನೆಯ ಒಡತಿ ವರಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಬಂದರು. ವಜ್ರ ಎಲ್ಲಿ ಬಿತ್ತು ಎನ್ನುವುದಕ್ಕಿಂತ ಅದು ಯಾರ ಮೂಗಿನದು ಎನ್ನುವುದೇ ಅವರಿಗೆ ಮುಖ್ಯವಾಗಿತ್ತು. ಮೂರು ವರ್ಷದಿಂದ ಸದಾ ಮುಚ್ಚಿದ ಬಾಗಿಲು, ಒಂಟಿ ಗಂಡಸು, ಈಗ ಮೂಗುಬಟ್ಟು!

“ಅದ್ಕೇ ಕಣೇ ಕೆಂಚಮ್ಮ,” ಎಂದು ಅವರು ದನಿ ತಗ್ಗಿಸಿದರು. “ಈ ಕಿಟ್ಕಿಯಿಂದ ದಿನಾ ಉಗುರುಬಣ್ಣದ ವಾಸ್ನೆ ಬತ್ತಿತ್ತು. ಇವತ್ತು ಅರ್ಥ ಆಯ್ತು.”

ಬಣ್ಣ ತೆಳುಮಾಡುವ ತಿನ್ನರಿನ ವಾಸನೆ ಅದು. ಅನಂತರಾಜು ಹೇಳಲು ಬಾಯಿ ತೆರೆದ. “ಅದು ವಜ್ರ ಅಲ್ಲ ವರಲಕ್ಷ್ಮಮ್ಮಾರೇ, ಅದು ಬರೀ...”

“ಸುಮ್ಕಿರಿ ಸಾರ್! ಬೆಲೆ ಬಾಳೋ ಸಾಮಾನಿನ ವಿಷ್ಯ ಬೀದೀಲಿ ಆಡ್ಬಾರ್ದು,” ಎಂದು ಹಿಂದಿನಿಂದ ಒಂದು ದನಿ ತಡೆಯಿತು. ಅಂಕಯ್ಯ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿ ನಿವೃತ್ತಿಯಾದವನು. ಎಲ್ಲಿ ನಾಲ್ಕು ಜನ ಸೇರಿದರೂ ಅವರನ್ನು ಸಾಲಾಗಿ ನಿಲ್ಲಿಸದೆ ಇರಲಾರ. “ಯಾರೂ ಅಲ್ಲಾಡ್ಬೇಡಿ! ಇದ್ದ ಜಾಗದಲ್ಲೇ ಕುಂತ್ಕಳಿ! ಚಪ್ಲಿ ಎಲ್ಲಾ ಬಾಗ್ಲತ್ರ ಬುಡಿ. ಕಾಲ್ಗೆ ಅಂಟ್ಕಂಡು ಹೋಗ್ಬುಟ್ರೆ?”

ಅರ್ಧ ಗಂಟೆಯಲ್ಲಿ ಬೀದಿಯ ಹದಿನೈದು ಇಪ್ಪತ್ತು ಜನ ಅಂಗಳದಲ್ಲಿ ಮೊಣಕಾಲೂರಿ ಕೂತರು, ಕಳೆ ಕೀಳುವವರ ಹಾಗೆ. ವರಲಕ್ಷ್ಮಮ್ಮನ ಮಗ ಮಧುಕುಮಾರ ಚರಂಡಿಯ ಕಲ್ಲು ಎತ್ತಿ ತಲೆ ಒಳಗೆ ತೂರಿಸಿದ. ತನ್ನ ಮೊಬೈಲಿನಲ್ಲಿ ಚಾರ್ಜಿಲ್ಲವೆಂದು ಟಾರ್ಚಿಗಾಗಿ ಅನಂತರಾಜುವಿನದನ್ನು ಕಸಿದುಕೊಂಡ.

“ಇವತ್ತು ಯಾರಾದ್ರೂ ಬರೋರಿದ್ರಾ?” ವರಲಕ್ಷ್ಮಮ್ಮ ಮೆಲ್ಲಗೆ ಕೇಳಿದರು.

“ಹೂಂ... ಮೂರು ಗಂಟೆಗೆ. ಮಾಗಡಿಯಿಂದ ಒಬ್ರು.”

“ಮಾಗಡಿ ಹುಡ್ಗಿ!” ಎಂದು ಸುದ್ದಿ ಅಂಗಳದಲ್ಲಿ ಕೈಯಿಂದ ಕೈಗೆ ದಾಟಿತು. ಆಮೇಲೆ ಎಲ್ಲರೂ ಒಂದು ಕಣ್ಣು ನೆಲದ ಮೇಲಿಟ್ಟು, ಇನ್ನೊಂದನ್ನು ಬೀದಿಯ ತಿರುವಿನಲ್ಲಿ ಸೀರೆ ಕಾಣುತ್ತದೇನೋ ಎಂದು ಅತ್ತ ನೆಟ್ಟರು.

ಅನಂತರಾಜು ಒಳಗೆ ಹೋಗಿ ಟ್ಯಾಂಕನ್ನು ಮಂಚದ ಕೆಳಗೆ ಬಚ್ಚಿಟ್ಟ. ಅಷ್ಟರಲ್ಲೇ ಜನ ಒಳಗೂ ಬಂದರು. ಕಿಟಕಿಯಿಂದ ಹಾರಿದ್ದು ಒಳಕ್ಕೇ ಪುಟಿದಿರಬಹುದಲ್ಲ ಎಂದು ಅಂಕಯ್ಯ ವಾದಿಸಿದ್ದ. ಹೊಸ ಕಪ್ಪುಗಳಲ್ಲಿ ವರಲಕ್ಷ್ಮಮ್ಮ ಕಾಫಿ ಹಂಚಿದರು. ಹೊಸ ಕುರ್ಚಿಯಲ್ಲಿ ಅಂಕಯ್ಯ ಕೂತು ಖಾರ ಬೂಂದಿ ಮುಗಿಸಿದ. ಯಾರೋ, “ಊಟ ಆಯ್ತಾ ಅಣ್ಣ? ಬೆಳಗ್ಗಿಂದ ಏನೂ ತಿಂದಂಗಿಲ್ವಲ್ಲ,” ಎಂದು ಒಂದು ತಟ್ಟೆಯಲ್ಲಿ ಮುದ್ದೆ, ಬಸ್ಸಾರು ತಂದುಕೊಟ್ಟರು. ಅನಂತರಾಜು ಉಂಡ. ಸುತ್ತ ಮಾತು, ನಗು, ಪಾತ್ರೆಯ ಸದ್ದು. ಅವನ ಮನೆ ಅಷ್ಟು ತುಂಬಿದ್ದು ಎಂದೂ ಇಲ್ಲ. ಮುದ್ದೆ ನುಂಗುತ್ತ, ಆ ಹಾಳು ಗಾಜು ಇನ್ನೂ ಒಂದು ಗಂಟೆ ಸಿಗದೆ ಇದ್ದರೂ ಪರವಾಗಿಲ್ಲ ಎನ್ನಿಸಿ, ತನಗೇ ನಾಚಿಕೆಯಾಯಿತು.

ಎರಡೂಮುಕ್ಕಾಲಿಗೆ ಸಿಕ್ಕಿತು. ಕೆಂಚಮ್ಮ ಎರಡನೆಯ ಚೀಲದ ಅಕ್ಕಿ ಕೇರುತ್ತಿದ್ದವಳು “ಸಿಕ್ತು!” ಎಂದು ಕಿರುಚಿದಳು. ಜನ ಮುಗಿಬಿದ್ದರು. ಕೆಂಚಮ್ಮ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ, ಅಸಲಿಯೋ ನಕಲಿಯೋ ತಿಳಿಯಲು, ಉಳಿದಿದ್ದ ಎರಡು ಹಲ್ಲುಗಳ ನಡುವೆ ಇಟ್ಟು ಕಚ್ಚಿದಳು.

ಕಟಕ್ ಎಂದಿತು.

ಅವಳು ಅಂಗೈಗೆ ಉಗಿದಳು. ಎರಡು ಚೂರು. “ಇದು ಪಿಲಾಸ್ಟಿಕ್ಕು!”

ಎಲ್ಲರಿಗೂ ಏಕಕಾಲಕ್ಕೆ ಹೊಳೆಯಿತು: ಈ ಸಾಧು ಪ್ರಾಣಿಗೆ ಯಾರೋ ವಜ್ರವೆಂದು ಪ್ಲಾಸ್ಟಿಕ್ ಮಾರಿ ಟೋಪಿ ಹಾಕಿದ್ದಾರೆ. ಅದೂ ಇಂದೇ, ಹುಡುಗಿ ಬರುವ ದಿನವೇ! ಕೆಂಚಮ್ಮ ಹೊಸ್ತಿಲ ಮೇಲೆ ಕುಸಿದು ರಾಗ ಎತ್ತಿದಳು. “ಅಯ್ಯೋ ನನ್ನಪ್ಪಾ, ಹಿಂಗಾಗೋಯ್ತಲ್ಲಪ್ಪಾ! ಒಂಟಿ ಜೀವ, ಹಿಂದಿಲ್ಲ ಮುಂದಿಲ್ಲ, ಯಾರ್ಗೂ ಒಂದು ಮಾತಾಡ್ದೋನಲ್ಲ, ಇಂತೋನ್ಗೆ ಇಂತಾ ಗತಿ ಬಂತಲ್ಲಪ್ಪಾ!” ವರಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಉಳಿದ ಹೆಂಗಸರೂ ಸುತ್ತ ಕೂತರು.

ಅನಂತರಾಜು ಆ ಎರಡು ಚೂರುಗಳನ್ನು ನೋಡುತ್ತ ನಿಂತಿದ್ದ. ಅವನ ಮುಖ ಬಿಳಿಚಿಕೊಂಡದ್ದನ್ನು ಕಂಡು ಅಂಕಯ್ಯ ರಟ್ಟೆ ಹಿಡಿದು ಒಳಗೆ ಕರೆದೊಯ್ದು ಮಂಚದ ಮೇಲೆ ಅಂಗಾತ ಮಲಗಿಸಿದ. “ಶಾಕ್ ಆಗೈತೆ ಸಾರ್, ಅಲ್ಲಾಡ್ಬೇಡಿ. ಉಸಿರು ನಿಧಾನಕ್ ಬುಡಿ.” ಒಂದು ಬಿಳಿ ಟವೆಲು ನೀರಿಗದ್ದಿ ಹಿಂಡಿ ಮುಖದ ಮೇಲೆ ಹರಡಿದ. ತಣ್ಣಗೆ ಹಿತವಾಗಿತ್ತು. ಮೂರು ಗಂಟೆಗೆ ಎದ್ದರಾಯಿತು ಎಂದುಕೊಂಡವನು ಬೆಳಗಿನ ಓಡಾಟದ ದಣಿವಿಗೆ ನಿದ್ದೆ ಹೋಗಿಬಿಟ್ಟ.

ಎಚ್ಚರವಾದಾಗ ಐದು ಗಂಟೆ. ಜನ ಕರಗಿದ್ದರು. ಮಾಗಡಿ ಹುಡುಗಿ ಬರಲಿಲ್ಲವೆಂದು, ಬಂದರೂ ಯಾವ ಮುಖ ಇಟ್ಟುಕೊಂಡು ಮಾತಾಡಿಸುತ್ತಿದ್ದನೆಂದು ಬೇಸರಪಡುತ್ತ ಮನೆಗೆ ಹೋಗಿದ್ದರು. ಮಧುಕುಮಾರ ಚರಂಡಿಯ ವಾಸನೆಯ ಮೊಬೈಲನ್ನು ಬಾಗಿಲಲ್ಲೇ ಕೊಟ್ಟ.

“ಯಾರಾದ್ರೂ ಬಂದಿದ್ರಾ ಮಧು? ಗಂಡಸ್ರು, ಮಾಗಡಿಯಿಂದ?”

“ಗಂಡಸ್ರ ಮ್ಯಾಗೆ ಯಾರ್ ಕಣ್ಣಿಟ್ಟಿದ್ರು ಸಾರ್? ಯಾರೋ ಒಬ್ರು ಫೋನ್ ಮಾಡಿದ್ರು. ಅದು ಸಿಕ್ಕಿದ್ದು ನಂಗ್ ಕೇಳ್ನಿಲ್ಲ, ತಲೆ ಇನ್ನೂ ಚರಂಡೀಲೇ ಇತ್ತು, ಹೆಸ್ರು ನೋಡ್ನಿಲ್ಲ. ಬ್ಯಾಟ್ರಿ ಮುಗ್ದೋಗೈತೆ, ಚಾರ್ಜಿಗೆ ಹಾಕಿ.”

ಶಾಹಬಾಜ್ ಬರಲಾಗುವುದಿಲ್ಲವೆಂದು ಹೇಳಲು ಮಾಡಿರಬೇಕು. ಅನಂತರಾಜುವಿಗೆ ಆಶ್ಚರ್ಯವೇನೂ ಆಗಲಿಲ್ಲ. ಮೊಬೈಲನ್ನು ಚಾರ್ಜಿಗೆ ಹಾಕಿ, ಮಂಚದ ಕೆಳಗಿನಿಂದ ಟ್ಯಾಂಕನ್ನು ತೆಗೆದು ಮೇಜಿನ ಮೇಲಿಟ್ಟ. ಹೆಡ್‌ಲೈಟಿನ ಗುಳಿಗೆ ಸೂಜಿಯ ಮೊನೆಯಿಂದ ಒಂದು ತೊಟ್ಟು ಬಿಳಿ ಅಂಟು ಬಿಟ್ಟ. ಅಂಟು ಒಣಗುತ್ತ ಒಣಗುತ್ತ ತಿಳಿಯಾಗಿ, ಉಬ್ಬಿ, ಥೇಟ್ ಗಾಜಿನಂತೆ ಹೊಳೆಯಿತು. ಎಂಟು ತಿಂಗಳ ಕೆಲಸ ಮುಗಿಯಿತು. ಅವನು ಟ್ಯಾಂಕನ್ನು ಒಂದು ಸುತ್ತು ತಿರುಗಿಸಿ ನೋಡಿದ. ತಲೆಯೆತ್ತಿದಾಗ ಎದುರಿಗಿದ್ದುದು ಖಾಲಿ ಕುರ್ಚಿ, ಅದರ ಮೇಲೆ ಅಂಕಯ್ಯ ಬಿಟ್ಟುಹೋದ ಎರಡು ಬೂಂದಿ ಕಾಳು.

ಗುಂಪಿಗೆ ಫೋಟೋವಾದರೂ ಹಾಕೋಣವೆಂದು ಮೊಬೈಲ್ ತೆರೆದ. ತೊಂಬತ್ತೆರಡು ಮೆಸೇಜು ಬಂದಿದ್ದವು. ಅವನು ಹೌಹಾರಿದ. ಆ ಗುಂಪಿನಲ್ಲಿ ಒಂದೇ ದಿನ ಅಷ್ಟು ಎಂದೂ ಬಂದಿರಲಿಲ್ಲ.

ಮೊದಲನೆಯದು ಶಾಹಬಾಜನದು. ‘ಗೆಳೆಯರೇ, ಕೆಟ್ಟ ಸುದ್ದಿ. ರಾಮನಗರದ ಅನಂತರಾಜು ಸಾರ್ ಇನ್ನಿಲ್ಲ. ಅವರ ಟ್ಯಾಂಕ್ ನೋಡಕ್ಕೆ ಅಂತ ಮೂರು ಗಂಟೆಗೆ ಹೋದೆ. ಬಾಗಿಲ ತುಂಬ ಚಪ್ಪಲಿ, ಹೆಂಗಸರೆಲ್ಲ ಕೂತು ಅಳ್ತಿದ್ರು. ನಂಬಕ್ಕಾಗದೆ ಸಾರ್ ನಂಬರಿಗೆ ಫೋನ್ ಮಾಡಿದೆ. ಯಾರೋ ತೆಗೆದು “ಅವ್ರಿಲ್ಲ” ಅಂತ ಹೇಳಿ ಇಟ್ಟುಬಿಟ್ರು. ಬಾಗಿಲಲ್ಲಿ ಇಣುಕಿದೆ. ಮುಖಕ್ಕೆ ಬಿಳಿ ಬಟ್ಟೆ ಹೊದಿಸಿದ್ರು. ಒಳಗೆ ಹೋಗೋ ಧೈರ್ಯ ಆಗಲಿಲ್ಲ, ಅಲ್ಲಿಂದಲೇ ಕೈ ಮುಗಿದು ಬಂದೆ.’

ಅನಂತರಾಜು ತನ್ನ ಮೂಗಿನ ಕೆಳಗೆ ಬೆರಳಿಟ್ಟು ನೋಡಿಕೊಂಡ. ಉಸಿರಿತ್ತು. ಮುಂದೆ ಓದಿದ.

ಮೈಸೂರಿನ ಒಬ್ಬರು ಬರೆದಿದ್ದರು: ‘ಅವರ ಟ್ಯಾಂಕಿನ ಚಕ್ರದ ತುಕ್ಕು ನೋಡಿದ ದಿನ ನನ್ನದನ್ನು ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದೆ. ಅಂಥ ಕೈ ಇನ್ನೊಂದಿಲ್ಲ.’ ಹುಬ್ಬಳ್ಳಿಯ ಡಾಕ್ಟರೊಬ್ಬರು: ‘ಎಷ್ಟೋ ಸಲ ಬರೆಯಬೇಕೆಂದುಕೊಂಡೆ. ದೊಡ್ಡ ಕಲಾವಿದರು, ಏನಂದುಕೊಳ್ಳುತ್ತಾರೋ ಎಂದು ಸುಮ್ಮನಾದೆ.’ ಕನಕಪುರದಿಂದ ರಮ್ಯಾ ಎಂಬ ಡ್ರಾಯಿಂಗ್ ಟೀಚರು: ‘ಇಷ್ಟು ಹತ್ತಿರ ಇದ್ದೂ ಒಂದು ಸಲ ಹೋಗಿ ಮಾತಾಡಿಸಲಿಲ್ಲ. ಟ್ಯಾಂಕಿನ ಮೇಲೆ ಆ ಮಣ್ಣಿನ ಬಣ್ಣ ಹೇಗೆ ತರುತ್ತಿದ್ದರೋ? ಕೇಳಬೇಕಿತ್ತು. ಇನ್ನು ಯಾರನ್ನು ಕೇಳೋದು?’

ಓದುತ್ತ ಹೋದಂತೆ ಅನಂತರಾಜುವಿನ ಕಣ್ಣು ಮಂಜಾಯಿತು. ಸತ್ತವನು ಎಂಥ ಒಳ್ಳೆಯ ಮನುಷ್ಯ ಎನ್ನಿಸಿತು. ಕನ್ನಡಕ ಒರೆಸಿಕೊಂಡು, ‘ನಾನು ಬದುಕಿದ್ದೇನೆ’ ಎಂದು ಬರೆಯಲು ಕೆಳಕ್ಕೆ ಹೋದ. ಬರೆಯುವ ಜಾಗವೇ ಇರಲಿಲ್ಲ. ಕೊನೆಯ ಮೆಸೇಜು ಗುಂಪಿನ ಅಡ್ಮಿನ್ನರದು: ‘ಈ ದುಃಖದಲ್ಲಿ ಮನೆಯವರಿಗೆ ನಮ್ಮ ಮೆಸೇಜುಗಳ ತೊಂದರೆ ಬೇಡ. ಸಾರ್ ನಂಬರನ್ನು ಗೌರವದಿಂದ ತೆಗೆಯುತ್ತಿದ್ದೇನೆ.’ ಅದರ ಕೆಳಗೆ, ನಿಮ್ಮನ್ನು ಗುಂಪಿನಿಂದ ತೆಗೆದುಹಾಕಲಾಗಿದೆ ಎಂಬ ಸಾಲು.

ಶಾಹಬಾಜನಿಗೆ ಫೋನು ಮಾಡಿದ. ಒಂದು ಸಲ ರಿಂಗಾಗಿ ಕಟ್ಟಾಯಿತು. ಮತ್ತೆ ಮಾಡಿದ. ಸ್ವಿಚ್ ಆಫ್. ಮುಸ್ಸಂಜೆಯಲ್ಲಿ ಮಾಗಡಿಯ ಅಂಗಡಿಯಲ್ಲಿ ಒಬ್ಬನೇ ಕೂತವನು, ತಾನೇ ಕೈ ಮುಗಿದು ಬಂದ ಹೆಣದ ನಂಬರಿನಿಂದ ಫೋನ್ ಬಂದರೆ ಎತ್ತುತ್ತಾನೆಯೇ?

ಅನಂತರಾಜು ಕುರ್ಚಿಯ ಮೇಲಿನ ಬೂಂದಿ ಕಾಳು ಒರೆಸಿ ಕೂತ. ರಮ್ಯಾ ಟೀಚರ ಮೆಸೇಜನ್ನು ಇನ್ನೊಮ್ಮೆ ಓದಿದ. ಗಂಟಲು ಸರಿಮಾಡಿಕೊಂಡು, ಯಾರ ನಂಬರನ್ನೂ ಒತ್ತದೆ, ಮೊಬೈಲನ್ನು ಮುಖದ ಹತ್ತಿರ ಹಿಡಿದು ಗಟ್ಟಿಯಾಗಿ ಹೇಳಿದ:

“ಅದು ಬಣ್ಣ ಅಲ್ಲ ಮೇಡಂ. ಕೂಟಗಲ್ ಕಡೆ ಹೊಲದ ಕೆಮ್ಮಣ್ಣು. ಹಳೇ ಪಂಚೇಲಿ ಮೂರು ಸಲ ಸೋಸ್ಬೇಕು. ಆಮೇಲೆ ಒಸಿ ಸ್ಪಿರಿಟ್ಟು ಹಾಕಿ, ಸಣ್ಣ ಬ್ರಶ್ಶಲ್ಲಿ... ಅವಸರ ಮಾಡಂಗಿಲ್ಲ ನೋಡಿ. ನೀವು ಕನಕಪುರದಲ್ಲಿ ಯಾವ ಕಡೆ? ನಾನೂ ಅಲ್ಲೇ ಹದಿನೆಂಟು ವರ್ಷ ಇದ್ದೋನೇ...”

ಅವನು ಕಾಲು ಗಂಟೆ ಮಾತಾಡಿದ. ಜೀವಮಾನದಲ್ಲಿ ಅಷ್ಟು ಸಲೀಸಾಗಿ ಯಾವ ಹೆಂಗಸಿನೊಂದಿಗೂ ಮಾತಾಡಿರಲಿಲ್ಲ.

ಗೋಡೆಯಾಚೆ ವರಲಕ್ಷ್ಮಮ್ಮ ಉಸಿರು ಬಿಗಿಹಿಡಿದು ಕೇಳಿಸಿಕೊಂಡರು. ಆಮೇಲೆ ಮಗನ ಕಡೆ ತಿರುಗಿ ಪಿಸುಗುಟ್ಟಿದರು: “ಹುಡ್ಗಿ ಫೋನ್ ಮಾಡವ್ಳೆ ಕಣ್ಲಾ ಮಧು! ರಾಜಿ ಆದಂಗೈತೆ. ಬೀದಿಯೋರ್ಗೆಲ್ಲ ಹೇಳ್ಬುಡು, ಇನ್ಮ್ಯಾಕೆ ಯಾರೂ ಅವ್ರ ಬಾಗ್ಲು ತಟ್ಟಕ್ಕೆ ಹೋಗ್ಬ್ಯಾಡಿ ಅಂತ.”